ಯಕೃತ್ತಿನ ಗಂಟು ಮತ್ತು ಅರವತ್ತು ಸೆಕೆಂಡುಗಳ ಲೆಕ್ಕ

ಸಿರೋಸಿಸ್ (ಯಕೃತ್ತು ಕಲೆಗಟ್ಟಿ ಗಡುಸಾಗುವ ರೋಗ) ಇರುವವರ ಯಕೃತ್ತನ್ನು ಆರು ತಿಂಗಳಿಗೊಮ್ಮೆ ಅಲ್ಟ್ರಾಸೌಂಡ್‌ನಲ್ಲಿ ಪರೀಕ್ಷಿಸುವ ನಮ್ಮನ್ನು ದೊಡ್ಡ ಗಡ್ಡೆಗಿಂತ ಒಂದೂವರೆ ಸೆಂಟಿಮೀಟರಿನ ಸಣ್ಣ ಗಂಟೇ ಹೆಚ್ಚು ಕಾಡುತ್ತದೆ. ಅಂಥ ಯಕೃತ್ತಿನ ತುಂಬ ಗಂಟುಗಳೇ ಇರುವುದರಿಂದ, ಅವುಗಳಲ್ಲಿ ಕ್ಯಾನ್ಸರ್ ಯಾವುದು, ಸಾಧಾರಣ ಗಂಟು ಯಾವುದು ಎಂಬುದನ್ನು ಮಾಮೂಲಿ ಕಪ್ಪು-ಬಿಳುಪಿನ ಚಿತ್ರ ಹೇಳಲಾರದು. ಅದನ್ನು ರಕ್ತದ ಹರಿವಿನಲ್ಲಿ ಹುಡುಕಬೇಕು.

ಯಕೃತ್ತಿಗೆ ಸೇರುವ ರಕ್ತದಲ್ಲಿ ಸುಮಾರು ಮುಕ್ಕಾಲು ಪಾಲು ಪೋರ್ಟಲ್ ಅಭಿಧಮನಿಯಿಂದಲೂ ಉಳಿದದ್ದು ಅಪಧಮನಿಯಿಂದಲೂ ಬರುತ್ತದೆ. ಯಕೃತ್ತಿನ ಕೋಶಗಳಲ್ಲೇ ಹುಟ್ಟುವ ಹೆಪಟೋಸೆಲ್ಯುಲರ್ ಕ್ಯಾನ್ಸರ್ ಮಾತ್ರ ಬೆಳೆಯುತ್ತ ಹೋದಂತೆ ಹೆಚ್ಚಾಗಿ ಅಪಧಮನಿಯನ್ನೇ ನೆಚ್ಚಿಕೊಳ್ಳುತ್ತದೆ. ಈ ವ್ಯತ್ಯಾಸವನ್ನು ಕಾಣಲು ಮಾಡುವ ಕಾಂಟ್ರಾಸ್ಟ್ ಅಲ್ಟ್ರಾಸೌಂಡ್ ಪರೀಕ್ಷೆಯಲ್ಲಿ ತೋಳಿನ ರಕ್ತನಾಳಕ್ಕೆ ಸುಮಾರು 2.4 ಮಿಲಿಲೀಟರ್ ಸೋನೋವ್ಯೂ ಎಂಬ ಔಷಧ ಚುಚ್ಚಿ, ಹಿಂದೆಯೇ ಸಲೈನ್ ಹಾಯಿಸುತ್ತೇವೆ. ಅದರಲ್ಲಿ ಸಲ್ಫರ್ ಹೆಕ್ಸಾಫ್ಲೋರೈಡ್ ಅನಿಲ ತುಂಬಿದ, ಕೆಂಪು ರಕ್ತಕಣಕ್ಕಿಂತ ಚಿಕ್ಕದಾದ ಗುಳ್ಳೆಗಳಿರುತ್ತವೆ; ರಕ್ತದೊಡನೆ ಅವು ಹೋದಲ್ಲೆಲ್ಲ ಅಲ್ಟ್ರಾಸೌಂಡ್ ಚಿತ್ರ ಹೊಳೆಯುತ್ತದೆ. "ರಕ್ತದೊಳಗೆ ಗಾಳಿ ಬಿಟ್ಟರೆ ಹೆಚ್ಚುಕಡಿಮೆ ಆಗೋದಿಲ್ವೇ ಡಾಕ್ಟ್ರೇ?" ಎಂದು ಕೇಳುವವರಿದ್ದಾರೆ, ಕೇಳಬೇಕಾದ ಪ್ರಶ್ನೆಯೇ. ಇಷ್ಟು ಸಣ್ಣ ಗುಳ್ಳೆ ನಾಳವನ್ನು ಮುಚ್ಚುವುದಿಲ್ಲ, ಅನಿಲವು ಕಾಲು ಗಂಟೆಯೊಳಗೆ ಬಹುಪಾಲು ಉಸಿರಿನಲ್ಲೇ ಹೊರಹೋಗುತ್ತದೆ. ಮೂತ್ರಪಿಂಡಕ್ಕೆ ಹೊರೆಯಿಲ್ಲದ ಕಾರಣ, ಮೂತ್ರಪಿಂಡದ ದೌರ್ಬಲ್ಯ ತೋರುವ ಕ್ರಿಯೇಟಿನಿನ್ ಏರಿದ್ದು, ಸಿಟಿಯ ಅಯೋಡಿನ್ ಔಷಧ ಕೊಡಲು ನಾವು ಹಿಂಜರಿಯುವ ರೋಗಿಗೆ ಇದು ಅನುಕೂಲ. ತೀವ್ರ ಅಲರ್ಜಿ ತೀರ ಅಪರೂಪವಾದರೂ ತುರ್ತು ಔಷಧ ಕೈಗೆಟುಕುವಂತಿರಬೇಕು.

ಚುಚ್ಚಿದ ಕ್ಷಣದಿಂದ ಗಡಿಯಾರ ಓಡುತ್ತದೆ. ಹತ್ತಿಪ್ಪತ್ತು ಸೆಕೆಂಡಿಗೆ, ಗುಳ್ಳೆಗಳು ಅಪಧಮನಿಯ ಮೂಲಕ ಯಕೃತ್ತನ್ನು ಸೇರುವ ಅಪಧಮನಿಯ ಹಂತ ಆರಂಭವಾಗಿ, ಕ್ಯಾನ್ಸರ್ ಗಂಟು ಸುತ್ತಲಿನ ಯಕೃತ್ತಿಗಿಂತ ಮೊದಲೇ ಬೆಳಗುತ್ತದೆ; ಆಮೇಲೆ ಅದರ ಹೊಳಪು ಇಳಿಯುತ್ತದೆ, ಇದನ್ನೇ ವಾಷ್‌ಔಟ್ ಎನ್ನುತ್ತೇವೆ. ಒಂದು ಕಾಲಕ್ಕೆ ಇಷ್ಟನ್ನೇ ನೋಡಿ ತೀರ್ಪು ಕೊಡುತ್ತಿದ್ದರು. ಆದರೆ ಪಿತ್ತನಾಳದ ಕ್ಯಾನ್ಸರ್ ಕೂಡ ಇದೇ ವೇಷ ಹಾಕಬಲ್ಲದೆಂದು ತಿಳಿದಾಗ, 2010ರಲ್ಲಿ ಅಮೆರಿಕದ ಯಕೃತ್ ತಜ್ಞರ ಮಾರ್ಗಸೂಚಿ ಈ ಪರೀಕ್ಷೆಯನ್ನು ರೋಗನಿರ್ಣಯದ ಪಟ್ಟಿಯಿಂದಲೇ ಕೈಬಿಟ್ಟಿತು. ಹೊಳಪು ಇಳಿಯುತ್ತದೆಯೇ ಎಂಬುದರ ಜೊತೆಗೆ ಯಾವಾಗ, ಎಷ್ಟು ಇಳಿಯುತ್ತದೆ ಎಂದು ಕೇಳತೊಡಗಿದ ಮೇಲೆ ಗೊಂದಲ ತಿಳಿಯಾಯಿತು. ಯಕೃತ್ತಿನ ಚಿತ್ರಗಳನ್ನು ಓದಲು ಅಮೆರಿಕನ್ ಕಾಲೇಜ್ ಆಫ್ ರೇಡಿಯಾಲಜಿ ರೂಪಿಸಿದ ಲೈ-ರಾಡ್ಸ್ ನಿಯಮದಂತೆ, ಸಿರೋಸಿಸ್‌ನಂಥ ಅಪಾಯವಿರುವ ರೋಗಿಯಲ್ಲಿ ಒಂದು ಸೆಂಟಿಮೀಟರ್ ಅಥವಾ ಅದಕ್ಕೂ ದೊಡ್ಡ ಗಂಟು ಅಂಚಿನಲ್ಲಷ್ಟೇ ಅಲ್ಲದೆ ಒಳಗೂ ಬೆಳಗಿ, 60 ಸೆಕೆಂಡಿನ ನಂತರ ನಿಧಾನವಾಗಿ, ಅಲ್ಪವಾಗಿ ಮಂಕಾದರೆ ಅದು ಹೆಪಟೋಸೆಲ್ಯುಲರ್ ಕ್ಯಾನ್ಸರ್. ಅಂಚಿನಲ್ಲಷ್ಟೇ ಉಂಗುರದಂತೆ ಬೆಳಗಿದರೆ ಅಥವಾ 60 ಸೆಕೆಂಡಿನೊಳಗೇ ಮಂಕಾದರೆ ಬೇರೆ ಬಗೆಯ ಕ್ಯಾನ್ಸರ್ ಎಂದು ಶಂಕಿಸಿ ಬಯಾಪ್ಸಿಗೆ ಕಳಿಸಬೇಕು. ಹಾಗಾಗಿ ನನ್ನ ವರದಿಯಲ್ಲಿ ಗಂಟಿನ ಅಳತೆಯ ಪಕ್ಕದಲ್ಲೇ ಮಂಕಾಗತೊಡಗಿದ ಸೆಕೆಂಡೂ ಇರುತ್ತದೆ. ಅದಿಲ್ಲದ ವರದಿ ನನ್ನ ದೃಷ್ಟಿಯಲ್ಲಿ ಅರ್ಧ ವರದಿ.

ಇಷ್ಟೆಲ್ಲ ಮಾಡಲು ಗಂಟು ಮೊದಲು ಕಣ್ಣಿಗೆ ಬೀಳಬೇಕು. ಎಂಆರ್‌ಐಯಲ್ಲಿ ಸ್ಪಷ್ಟವಾಗಿದ್ದದ್ದು, ವಪೆಯ ಕೆಳಗೆ ಅಡಗಿ, ಅಲ್ಟ್ರಾಸೌಂಡ್‌ನಲ್ಲಿ ಕಾಣದೇ ಹೋಗುವುದುಂಟು. ಅಲ್ಲಿ ಇಮೇಜ್ ಫ್ಯೂಷನ್, ಅಂದರೆ ಎರಡು ಚಿತ್ರಗಳನ್ನು ಒಂದಕ್ಕೊಂದು ಹೊಂದಿಸಿ ನೋಡುವ ತಂತ್ರ, ನೆರವಿಗೆ ಬರುತ್ತದೆ. ಹಾಸಿಗೆಯ ಪಕ್ಕದ ಉಪಕರಣವೊಂದು ಕಾಂತಕ್ಷೇತ್ರವನ್ನು ಹರಡುತ್ತದೆ, ಹೊಟ್ಟೆಯ ಮೇಲೆ ಆಡಿಸುವ ಅಲ್ಟ್ರಾಸೌಂಡ್ ಪ್ರೋಬಿಗೆ ಅಂಟಿಸಿದ ಸೆನ್ಸರ್ ತನ್ನ ಸ್ಥಾನವನ್ನು ತಿಳಿಸುತ್ತಿರುತ್ತದೆ. ನಾನು ಕೈ ಓರೆಮಾಡಿದಂತೆ ಪರದೆಯ ಮೇಲೆ ಹಳೆಯ ಎಂಆರ್‌ಐ ಕೂಡ ಅದೇ ಕೋನದಲ್ಲಿ ತಿರುಗುತ್ತದೆ. ಪೋರ್ಟಲ್ ಅಭಿಧಮನಿ ಕವಲೊಡೆಯುವ ಜಾಗವನ್ನು ಎರಡೂ ಚಿತ್ರಗಳಲ್ಲಿ ಗುರುತಿಸಿ ಹೊಂದಿಸುವುದು ನನ್ನ ರೂಢಿ. ಆದರೆ ಎಂಆರ್‌ಐ ತೆಗೆದಾಗ ರೋಗಿ ಅಂಗಾತ ಮಲಗಿದ್ದು, ಈಗ ಎಡಮಗ್ಗುಲಿಗೆ ಹೊರಳಿ ದೀರ್ಘವಾಗಿ ಉಸಿರೆಳೆದರೆ ಯಕೃತ್ತು ಸ್ಥಳ ಬಿಟ್ಟು ಜಾರಿ, ಹೊಂದಿಕೆ ತಪ್ಪುತ್ತದೆ. ಯಂತ್ರ ಗುರುತಿಟ್ಟ ಜಾಗದಲ್ಲೇ ಗಂಟಿದೆಯೆಂದು ನಂಬಿದರೆ ಪಕ್ಕದ ನಿರಪಾಯದ ಗಂಟಿಗೆ ಸೂಜಿ ಹಾಕಿಬಿಡಬಹುದು. ಆದ್ದರಿಂದ ಗಂಟಿನ ಸಮೀಪದ ಚಿಕ್ಕ ನಾಳವೊಂದನ್ನು ನೋಡಿ ಹೊಂದಿಕೆಯನ್ನು ಮತ್ತೆ ಪರೀಕ್ಷಿಸದೆ ನಾನು ಗುಳ್ಳೆಯ ಔಷಧ ಚುಚ್ಚುವುದಿಲ್ಲ.

ಒಂದು ಚುಚ್ಚಿಗೆ ಅಪಧಮನಿಯ ಹಂತದಲ್ಲಿ ಒಂದೇ ಗಂಟನ್ನು ಸರಿಯಾಗಿ ನೋಡಲು ಸಾಧ್ಯ. ಇಡೀ ಯಕೃತ್ತಿನಲ್ಲಿ ರೋಗ ಎಷ್ಟು ಹರಡಿದೆ ಎಂದು ತಿಳಿಯಲು ಸಿಟಿ ಅಥವಾ ಎಂಆರ್‌ಐ ಬೇಕೇ ಬೇಕು.

ಗುಳ್ಳೆಯ ಪರೀಕ್ಷೆ, ಇಮೇಜ್ ಫ್ಯೂಷನ್ ಎರಡೂ ಜೊತೆಗೂಡಿ ಹೆಚ್ಚು ನೆರವಾಗುವುದು ಮೈಕ್ರೋವೇವ್‌ನಿಂದ ಗಡ್ಡೆಯನ್ನು ಸುಟ್ಟ ನಂತರ. ಸುಟ್ಟೊಡನೆ ಕುದಿದ ಆವಿಯ ಬಿಳಿ ಮೋಡ ಎಲ್ಲವನ್ನೂ ಮುಚ್ಚಿರುವುದರಿಂದ ಹತ್ತು ನಿಮಿಷ ಕಾಯುತ್ತೇವೆ. ಆಮೇಲೆ ಗುಳ್ಳೆಗಳು ನುಗ್ಗದ ಕಪ್ಪು ಭಾಗವು ಹಳೆಯ ಚಿತ್ರದ ಗಡ್ಡೆಯನ್ನು ಎಲ್ಲ ದಿಕ್ಕಿನಲ್ಲೂ ಕನಿಷ್ಠ 5 ಮಿಲಿಮೀಟರ್ ಮೀರಿದೆಯೇ ಎಂದು ಅಳೆಯುತ್ತೇವೆ. ಒಂದು ಅಂಚಿನಲ್ಲಿ ಹೊಳಪು ಉಳಿದಿದ್ದರೆ, ರೋಗಿ ಮೇಜಿನ ಮೇಲಿರುವಾಗಲೇ ಸೂಜಿಯನ್ನು ಇನ್ನೊಮ್ಮೆ ಒಳಗಿಳಿಸುತ್ತೇವೆ.