ಡ್ರಗ್ಸ್ ಕೇಸಿಗೆ ಗಲ್ಲು: ಹೆದರುವವರು ಯಾರು?

ಎಲ್ಲಾದರೂ ಕೆಜಿಗಟ್ಟಲೆ ಎಂಡಿಎಂಎ ಸಿಕ್ಕಿತು ಅಂತ ಸುದ್ದಿ ಬಂದರೆ ಸಾಕು, ಪರಿಚಯದವರು ನನಗೆ ಹೇಳುವ ಮಾತು ಒಂದೇ: "ಇಂಥವರನ್ನ ಗಲ್ಲಿಗೆ ಹಾಕಬೇಕು ಸಾರ್, ಆಗ ಎಲ್ಲ ಸರಿಹೋಗುತ್ತೆ." ಮಗನನ್ನು ಈ ಚಟಕ್ಕೆ ಕಳೆದುಕೊಂಡ ತಾಯಿ ಹೀಗೆ ಹೇಳಿದರೆ ಆ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ಎನ್‌ಡಿಪಿಎಸ್ (ಮಾದಕವಸ್ತು ತಡೆ ಕಾಯ್ದೆ) ಕೇಸುಗಳನ್ನು ನಡೆಸುವ ವಕೀಲನಾಗಿ ನಾನು ಇದನ್ನು ಒಪ್ಪುವುದಿಲ್ಲ. ಗಲ್ಲು ಬಂದರೆ ಈ ದಂಧೆ ಕಡಿಮೆಯಾಗುತ್ತದೆ ಎನ್ನಲು ಗಟ್ಟಿ ಆಧಾರ ನನಗೆ ಎಲ್ಲೂ ಕಂಡಿಲ್ಲ.

ತುಂಬಾ ಜನರಿಗೆ ಗೊತ್ತಿಲ್ಲ, ನಮ್ಮ ಕಾನೂನಿನಲ್ಲಿ ಡ್ರಗ್ಸ್‌ಗೆ ಮರಣದಂಡನೆ ಈಗಲೂ ಇದೆ. 1985ರ ಎನ್‌ಡಿಪಿಎಸ್ ಕಾಯ್ದೆಗೆ 1989ರಲ್ಲಿ 31ಎ ಕಲಂ ಸೇರಿತು. ಒಮ್ಮೆ ಶಿಕ್ಷೆಯಾದವನು ಮತ್ತೆ ಹೆರಾಯಿನ್ 1 ಕೆಜಿ, ಕೊಕೇನ್ 500 ಗ್ರಾಂ ಅಥವಾ ಚರಸ್ 20 ಕೆಜಿ ಮಟ್ಟದಲ್ಲಿ ಸಿಕ್ಕಿಬಿದ್ದರೆ ಗಲ್ಲೇ. ನ್ಯಾಯಾಧೀಶರಿಗೆ ಬೇರೆ ದಾರಿಯೇ ಇರಲಿಲ್ಲ. 2011ರಲ್ಲಿ ಬಾಂಬೆ ಹೈಕೋರ್ಟ್, ಗಲ್ಲು ಕಡ್ಡಾಯವಲ್ಲ, ಅದನ್ನು ನ್ಯಾಯಾಧೀಶರ ವಿವೇಚನೆಗೆ ಬಿಡಬೇಕು ಎಂದಿತು. 2014ರಲ್ಲಿ ಸಂಸತ್ತು ಕಾಯ್ದೆಯನ್ನೇ ಹಾಗೆ ತಿದ್ದಿತು. ಇಷ್ಟು ವರ್ಷ ಇಷ್ಟು ಕಠಿಣ ಕಲಂ ಇದ್ದೂ ಪಂಜಾಬಿನ ಗತಿ ಏನಾಯಿತು ಅಂತ ದೇಶಕ್ಕೇ ಗೊತ್ತು. 2018ರಲ್ಲಿ ಅಲ್ಲಿನ ಸಂಪುಟ, ಮೊದಲ ಸಲ ಸಿಕ್ಕವನಿಗೂ ಗಲ್ಲು ಬೇಕು ಎಂದು ಕೇಂದ್ರಕ್ಕೆ ಶಿಫಾರಸು ಮಾಡಿತು.

"ನಾವು ಯಾರನ್ನೂ ನೇಣಿಗೆ ಹಾಕಲೇ ಇಲ್ವಲ್ಲ, ಹೆದರಿಕೆ ಎಲ್ಲಿಂದ ಬರಬೇಕು?" ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಹಾಗಾದರೆ ನಿಜವಾಗಿ ನೇಣಿಗೆ ಹಾಕುವ ಸಿಂಗಾಪುರವನ್ನು ನೋಡೋಣ.

ಅಲ್ಲಿ 1975ರಿಂದ ಡ್ರಗ್ಸ್ ಸಾಗಣೆಗೆ ಕಡ್ಡಾಯ ಮರಣದಂಡನೆ ಇದೆ. ಶುದ್ಧ ಹೆರಾಯಿನ್ 15 ಗ್ರಾಂ ಮೀರಿದರೆ ಗಲ್ಲು, ಗಾಂಜಾ 500 ಗ್ರಾಂ ಮೀರಿದರೆ ಗಲ್ಲು. 2022 ಒಂದೇ ವರ್ಷದಲ್ಲಿ 11 ಜನರನ್ನು ಗಲ್ಲಿಗೇರಿಸಿದರು, ಎಲ್ಲವೂ ಡ್ರಗ್ಸ್ ಕೇಸುಗಳೇ. ಅಲ್ಲಿನ ಸರ್ಕಾರ ತನ್ನ ವಾದಕ್ಕೆ ಒಂದು ಅಂಕಿಯನ್ನು ಮುಂದಿಡುತ್ತದೆ. 1990ರಲ್ಲಿ 1,200 ಗ್ರಾಂ ಮೀರಿದ ಅಫೀಮಿಗೆ ಗಲ್ಲು ಬಂತು. ಮುಂದಿನ 4 ವರ್ಷಗಳಲ್ಲಿ ಸಾಗಿಸುವ ಅಫೀಮಿನ ಸರಾಸರಿ ತೂಕ ಶೇ. 66ರಷ್ಟು ಇಳಿಯಿತಂತೆ.

ಈ ಅಂಕಿಯನ್ನು ಒಂದು ಕ್ಷಣ ನಿಂತು ನೋಡಿ. ಇಳಿದದ್ದು ಒಂದು ಸಲಕ್ಕೆ ಒಯ್ಯುವ ತೂಕ. ಎಷ್ಟು ಸಲ ಒಯ್ದರು, ಎಷ್ಟು ಜನ ಒಯ್ದರು ಎಂಬುದು ಅದರಲ್ಲಿಲ್ಲ. ಹೆದರಿಕೆ ಸುಳ್ಳಲ್ಲ, ಆದರೆ ಆ ಹೆದರಿಕೆ ಮಾಲನ್ನು ಸಣ್ಣ ಸಣ್ಣ ಪೊಟ್ಟಣ ಮಾಡಿಸಿರಬಹುದು, ಅಷ್ಟೇ. ನಮ್ಮಲ್ಲೂ ಗಾಂಜಾ 20 ಕೆಜಿ ಮೀರಿದರೆ ಶಿಕ್ಷೆ ಜಾಸ್ತಿ ಎಂಬ ಗೆರೆ ಗೊತ್ತಿರುವವನು ಅದರೊಳಗೇ ಇರಲು ನೋಡುತ್ತಾನೆ. ಸಿಂಗಾಪುರದಲ್ಲಿ ಡ್ರಗ್ಸ್ ಕಡಿಮೆ ಎಂಬುದು ನಿಜ. ಆದರೆ ಅದು ಸಣ್ಣ ದ್ವೀಪ. ಗಡಿ ತಪಾಸಣೆ ಬಿಗಿ, ಪೊಲೀಸರು ಲಂಚಕ್ಕೆ ಬಗ್ಗುವುದಿಲ್ಲ, ಅನುಮಾನ ಬಂದವರಿಗೆ ಮೂತ್ರ ಪರೀಕ್ಷೆ. ಇಷ್ಟೆಲ್ಲದರ ಮಧ್ಯೆ ಯಶಸ್ಸನ್ನು ಗಲ್ಲಿನ ಖಾತೆಗೇ ಬರೆಯುವುದು ಸರಿಯಲ್ಲ.

ಹಗ್ಗಕ್ಕೆ ಸಿಕ್ಕವರು ಯಾರು ಅಂತಲೂ ನೋಡಬೇಕು ಅಲ್ವಾ? ನಾಗೇಂದ್ರನ್ ಧರ್ಮಲಿಂಗಂ ಎಂಬ ಮಲೇಷ್ಯಾದ ಯುವಕ ತೊಡೆಗೆ 42.72 ಗ್ರಾಂ ಹೆರಾಯಿನ್ ಕಟ್ಟಿಕೊಂಡು ಗಡಿಯಲ್ಲಿ ಸಿಕ್ಕಿಬಿದ್ದ. ಅವನ ಐಕ್ಯೂ 69 ಎಂದು ಪರೀಕ್ಷೆಯಲ್ಲಿ ಕಂಡಿತ್ತು. 2022ರ ಏಪ್ರಿಲ್‌ನಲ್ಲಿ ಅವನನ್ನು ನೇಣಿಗೆ ಹಾಕಿದರು. ನಮ್ಮ ಕೋರ್ಟಿನ ಕಟಕಟೆಯಲ್ಲೂ ಜಾಸ್ತಿ ನಿಲ್ಲುವುದು ಸಾಗಿಸುವವನೇ. ಬಸ್ಸಿನಲ್ಲಿ ಬ್ಯಾಗು ತಂದವನು, ಲಾರಿ ಓಡಿಸಿದವನು. ದುಡ್ಡು ಹಾಕಿದವನು ಫೋನಿನಲ್ಲಿ ಒಂದು ನಂಬರ್ ಆಗಿ ಉಳಿದುಬಿಡುತ್ತಾನೆ.

ಇನ್ನು ನನ್ನ ದಿನನಿತ್ಯದ ಕೆಲಸಕ್ಕೆ ಬರುತ್ತೇನೆ. ಮಹಜರಿನಲ್ಲಿ "ಗಾಂಜಾ 21 ಕೆಜಿ" ಎಂದು ಬರೆದಿರುತ್ತಾರೆ. 20 ಕೆಜಿ ಮೀರಿದರೆ ವಾಣಿಜ್ಯ ಪ್ರಮಾಣ, ಕನಿಷ್ಠ 10 ವರ್ಷ ಜೈಲು. ಪಾಟಿ ಸವಾಲಿನಲ್ಲಿ ನಾವು ಕೇಳುತ್ತೇವೆ: ಚೀಲದ ಸಮೇತ ತೂಗಿದಿರಾ? ಕಡ್ಡಿ, ಎಲೆ ಬೇರೆ ಮಾಡಿದಿರಾ? ಕಾಯ್ದೆ ಪ್ರಕಾರ ಗಾಂಜಾ ಎಂದರೆ ಗಿಡದ ಹೂವು, ಕಾಯಿ ಬಿಟ್ಟ ತುದಿ. ತುದಿ ಇಲ್ಲದ ಬರೀ ಎಲೆ, ಬೀಜ ಗಾಂಜಾ ಅಲ್ಲ. "ಎಲ್ಲ ಒಟ್ಟಿಗೇ ತೂಗಿದೆವು" ಎಂದು ತನಿಖಾಧಿಕಾರಿ ಹೇಳಿದರೆ, ಗೆರೆ ದಾಟಿಸಿದ ಆ ಒಂದು ಕೆಜಿ ಅಲ್ಲೇ ಅಲ್ಲಾಡತೊಡಗುತ್ತದೆ. ಹೆರಾಯಿನ್ ಕಥೆ ಇನ್ನೂ ವಿಚಿತ್ರ. ಕಲಬೆರಕೆ ಬಿಟ್ಟು ಶುದ್ಧ ಅಂಶವನ್ನಷ್ಟೇ ಲೆಕ್ಕ ಹಾಕಿ ಎಂದು 2008ರಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. 2020ರಲ್ಲಿ ಅದೇ ಕೋರ್ಟ್ ಪೂರ್ತಿ ಮಿಶ್ರಣದ ತೂಕವೇ ಲೆಕ್ಕ ಎಂದಿತು. 300 ಗ್ರಾಂ ಕಲಬೆರಕೆ ಪೊಟ್ಟಣ ಮೊದಲ ಲೆಕ್ಕದಲ್ಲಿ ಮಧ್ಯಮ ಪ್ರಮಾಣವಾಗಬಹುದು, ಎರಡನೆಯದರಲ್ಲಿ ವಾಣಿಜ್ಯ ಪ್ರಮಾಣ. ಇಂಥ ಲೆಕ್ಕದ ಮೇಲೆ ಒಂದು ಜೀವ ನಿಲ್ಲಬಾರದು.

ಗಲ್ಲು ಬೇಕು ಎನ್ನುವವರು ಗಮನಿಸದ ಇನ್ನೊಂದು ವಿಷಯವಿದೆ. ಶಿಕ್ಷೆ ಕಠಿಣವಾದಷ್ಟೂ ಕಾನೂನಿನ ಕ್ರಮಗಳನ್ನು ಅಷ್ಟೇ ಕಟ್ಟುನಿಟ್ಟಾಗಿ ಪಾಲಿಸಬೇಕು ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 1999ರ ಬಲದೇವ್ ಸಿಂಗ್ ಪ್ರಕರಣದಲ್ಲಿ ಹೇಳಿದೆ. ಸರಿಯಾದ ಮಾತು. ಮೈ ತಪಾಸಣೆಗೆ ಮೊದಲು ಗೆಜೆಟೆಡ್ ಅಧಿಕಾರಿ ಅಥವಾ ಮ್ಯಾಜಿಸ್ಟ್ರೇಟ್ ಮುಂದೆ ಹೋಗುವ ಹಕ್ಕು ಇದೆ ಎಂದು ಆರೋಪಿಗೆ ತಿಳಿಸದಿದ್ದರೆ ಕೇಸು ಬಿದ್ದುಹೋಗಬಹುದು. ಪಂಚರು ಉಲ್ಟಾ ಹೊಡೆದರೆ, ಸ್ಯಾಂಪಲ್ಲಿನ ಸೀಲು ತಾಳೆಯಾಗದಿದ್ದರೆ ಅನುಮಾನದ ಲಾಭ ಆರೋಪಿಗೇ. ಶಿಕ್ಷೆಯನ್ನು ಗಲ್ಲಿಗೆ ಏರಿಸಿ, ತನಿಖೆಯನ್ನು ಹೀಗೇ ಬಿಟ್ಟರೆ ಖುಲಾಸೆಗಳೇ ಜಾಸ್ತಿಯಾಗುತ್ತವೆ ಎಂಬುದು ನನ್ನ ಅಂದಾಜು.

1983ರಿಂದ ಡ್ರಗ್ಸ್‌ಗೆ ಕಡ್ಡಾಯ ಗಲ್ಲು ಇಟ್ಟುಕೊಂಡಿದ್ದ ಮಲೇಷ್ಯಾ ಕೂಡ 2023ರಲ್ಲಿ ಕಡ್ಡಾಯ ಮರಣದಂಡನೆಯನ್ನೇ ಕೈಬಿಟ್ಟಿತು.

ಸಿಕ್ಕಿಬೀಳುವುದು ಖಚಿತ, ಕೇಸು ಬೇಗ ಮುಗಿಯುತ್ತದೆ, ಮಾಡಿದ ಆಸ್ತಿ ಹೋಗುತ್ತದೆ ಎಂದರೆ ದಂಧೆಯವನು ಲೆಕ್ಕ ಹಾಕುತ್ತಾನೆ. ಡ್ರಗ್ಸ್ ದುಡ್ಡಿನ ಮನೆ, ಸೈಟು, ಕಾರು ಜಪ್ತಿ ಮಾಡುವ ಅಧಿಕಾರ ನಮ್ಮ ಎನ್‌ಡಿಪಿಎಸ್ ಕಾಯ್ದೆಯ 5ಎ ಅಧ್ಯಾಯದಲ್ಲೇ ಇದೆ. ಗಲ್ಲು ಕೇಳುವ ಜನಪ್ರತಿನಿಧಿಗಳು ಮುಂದಿನ ಅಧಿವೇಶನದಲ್ಲಿ ಎರಡೇ ಪ್ರಶ್ನೆ ಕೇಳಲಿ: ಎಫ್‌ಎಸ್‌ಎಲ್ (ವಿಧಿವಿಜ್ಞಾನ ಪ್ರಯೋಗಾಲಯ) ವರದಿ ಬರಲು ಎಷ್ಟು ತಿಂಗಳು ಹಿಡಿಯುತ್ತಿದೆ? ಕಳೆದ ವರ್ಷ ಎಷ್ಟು ಕೇಸುಗಳಲ್ಲಿ ಆಸ್ತಿ ಜಪ್ತಿಯಾಯಿತು?