ಇಲಿಯ ಥೈಮಸ್: ಕತ್ತರಿ ಹಿಡಿಯುವ ಮೊದಲು

ಥೈಮಸ್, ಅಂದರೆ ರೋಗನಿರೋಧಕ ಟಿ ಕೋಶಗಳು ಬೆಳೆಯುವ ಎದೆಯೊಳಗಿನ ಅಂಗ; ಅದನ್ನು ತೆಗೆಯುವುದನ್ನು ಕಲಿಯಲು ಬರುವ ವಿದ್ಯಾರ್ಥಿಗಳನ್ನು ನಾನು ಮೊದಲು ಕರೆದೊಯ್ಯುವುದು ಇಲಿಗಳನ್ನು ಸಾಕುವ ಕೋಣೆಗೆ. ಈ ಅಂಗ ಹೆಚ್ಚಾಗಿ ಕೆಡುವುದು ಅಲ್ಲೇ. ಹೆದರಿದ, ಆಯಾಸಗೊಂಡ ಇಲಿಯ ರಕ್ತದಲ್ಲಿ ಕಾರ್ಟಿಕೊಸ್ಟೆರಾನ್ ಎಂಬ ಒತ್ತಡದ ಹಾರ್ಮೋನ್ ಏರುತ್ತದೆ. ಥೈಮಸ್‌ನಲ್ಲಿ ಬೆಳೆಯುತ್ತಿರುವ ಎಳೆಯ ಟಿ ಕೋಶಗಳು ಅದನ್ನು ತಾಳಲಾರವು. ಸಾಯುತ್ತವೆ, ಅಂಗ ಕುಗ್ಗುತ್ತದೆ. ಆಮೇಲೆ ಕುಗ್ಗಿದ್ದು ನಾವು ಕೊಟ್ಟ ಔಷಧದಿಂದಲೋ ಪ್ರಯಾಣದ ದಣಿವಿನಿಂದಲೋ ಎಂದು ಯಾವ ಸೂಕ್ಷ್ಮದರ್ಶಕವೂ ಹೇಳದು. ಹಾಗಾಗಿ ಹೊಸದಾಗಿ ಬಂದ ಇಲಿಗಳಿಗೆ ಒಂದು ವಾರವಾದರೂ ಬಿಡುವು ಕೊಡಿ. ವಯಸ್ಸೂ ಒಂದೇ ಇರಲಿ: ಥೈಮಸ್ 4ರಿಂದ 6 ವಾರದ ಹೊತ್ತಿಗೆ ದೊಡ್ಡದಾಗಿದ್ದು, ಬಳಿಕ ಸವೆಯುತ್ತ ಹೋಗುತ್ತದೆ.

ಪ್ರಾಣ ಹೋಗಿರುವುದನ್ನು ಖಚಿತಪಡಿಸಿಕೊಳ್ಳದೆ ಚರ್ಮ ಮುಟ್ಟಬಾರದು. ಯಾವ ವಿಧಾನದಲ್ಲಿ ಸಾಯಿಸಬೇಕೆಂಬುದನ್ನು ಸಂಸ್ಥೆಯ ಪ್ರಾಣಿ ನೈತಿಕ ಸಮಿತಿ ಮೊದಲೇ ಒಪ್ಪಿರಬೇಕು. ರೋಮ ಅಂಟದಂತೆ ಎದೆಯನ್ನು 70% ಎಥೆನಾಲ್‌ನಿಂದ ಒದ್ದೆ ಮಾಡಿ, ವಪೆ (ಎದೆ-ಹೊಟ್ಟೆ ನಡುವಿನ ಸ್ನಾಯುಪರದೆ) ಕತ್ತರಿಸಿ, ಎರಡೂ ಬದಿಯ ಪಕ್ಕೆಲುಬು ಬಿಡಿಸಿ ಎದೆಮೂಳೆಯನ್ನು ಮೇಲೆತ್ತಿ. ಹೃದಯದ ಮೇಲ್ಗಡೆ ಬಿಳಿಯ ಎರಡು ಹಾಲೆಗಳು ಕಾಣುತ್ತವೆ. ಮೇಲಿಂದ ಚಿವುಟಿದರೆ ಹರಿದುಹೋಗುತ್ತವೆ. ಬಾಗಿದ ಫೋರ್ಸೆಪ್ಸನ್ನು ಅಡಿಯಿಂದ ತೂರಿಸಿ ನಿಧಾನ ಎತ್ತಬೇಕು. ಪಕ್ಕದ ದೊಡ್ಡ ರಕ್ತನಾಳಕ್ಕೆ ಮೊನೆ ತಗುಲಿದರೆ ಎದೆಯೆಲ್ಲ ರಕ್ತ ತುಂಬಿ ಏನೂ ಕಾಣದು.

ನಿಜವಾದ ಕಷ್ಟ ಇನ್ನು ಮುಂದೆ. ಥೈಮಸ್‌ಗೆ ಅಂಟಿಕೊಂಡೇ ಪುಟ್ಟ ದುಗ್ಧಗ್ರಂಥಿಗಳಿರುತ್ತವೆ. ತಣ್ಣನೆಯ ಬಫರ್‌ನಲ್ಲಿಟ್ಟು, ಸೂಕ್ಷ್ಮದರ್ಶಕದಡಿ ಅವನ್ನೂ ಸುತ್ತಲಿನ ಕೊಬ್ಬನ್ನೂ ಬಿಡಿಸಿದ ಮೇಲೇ ತೂಕ ನೋಡಬೇಕು. ಗ್ರಂಥಿ ಉಳಿದುಬಿಟ್ಟರೆ ಫ್ಲೋ ಸೈಟೋಮೆಟ್ರಿಯಲ್ಲಿ (ಕೋಶಗಳನ್ನು ಬಗೆಬಗೆಯಾಗಿ ಗುರುತಿಸಿ ಎಣಿಸುವ ವಿಧಾನ) ಗೊತ್ತಾಗುತ್ತದೆ: ಆರೋಗ್ಯವಂತ ಎಳೆಯ ಇಲಿಯ ಥೈಮಸ್‌ನಲ್ಲಿ ಪ್ರತಿಕಾಯ ತಯಾರಿಸುವ ಬಿ ಕೋಶಗಳು ತೀರಾ ಕಡಿಮೆ, ಸಿಡಿ4 ಮತ್ತು ಸಿಡಿ8 ಎಂಬ ಮೇಲ್ಮೈ ಪ್ರೋಟೀನ್ ಎರಡನ್ನೂ ಹೊತ್ತ ಎಳೆಯ ಟಿ ಕೋಶಗಳು ಮುಕ್ಕಾಲು ಪಾಲಿಗೂ ಹೆಚ್ಚು. ಬಿ ಕೋಶ ಎದ್ದು ಕಂಡರೆ ನಾನು ಮೊದಲು ಅನುಮಾನಿಸುವುದು ಬಿಡಿಸದೆ ಉಳಿದ ಗ್ರಂಥಿಯನ್ನು, ಇಲ್ಲವೇ ಸೇರಿಕೊಂಡ ರಕ್ತವನ್ನು.

1961ರಲ್ಲಿ ಲಂಡನ್ನಿನಲ್ಲಿ ವಿಜ್ಞಾನಿ ಜಾಕ್ ಮಿಲ್ಲರ್ ಆಗತಾನೆ ಹುಟ್ಟಿದ ಇಲಿಗಳ ಥೈಮಸ್ ತೆಗೆದು, ಅವುಗಳ ರೋಗನಿರೋಧಕ ಶಕ್ತಿಯೇ ಕುಸಿಯುವುದನ್ನು ತೋರಿಸಿದ್ದರು. 2006ರಲ್ಲಿ ಇಲಿಗಳ ಕುತ್ತಿಗೆಯಲ್ಲೂ ಕೆಲಸಮಾಡುವ ಪುಟ್ಟ ಥೈಮಸ್ ಇರಬಹುದೆಂದು ತಿಳಿಯಿತು. ಎದೆಯದನ್ನಷ್ಟೇ ತೆಗೆದು ‘ಥೈಮಸ್ ಇಲ್ಲದ ಇಲಿ’ ಎಂದು ಬರೆಯುವ ಮುನ್ನ ಕುತ್ತಿಗೆಯನ್ನೂ ನೋಡಿ.

ಗುಲ್ಮ, ಮೂಳೆಮಜ್ಜೆ ಯಾರಿಗಾದರೂ ಬೇಕೇ ಎಂದು ಪಕ್ಕದ ಪ್ರಯೋಗಾಲಯಗಳನ್ನು ಮೊದಲೇ ಕೇಳಿಟ್ಟುಕೊಳ್ಳಿ. ಅದೇ ಇಲಿಯಿಂದ ಸಿಕ್ಕರೆ ಅವರು ಇನ್ನೊಂದನ್ನು ಸಾಯಿಸಬೇಕಿಲ್ಲ.