ಒಂದೇ ಥಾನಿನ ಎರಡು ತುಂಡು

ಚಿತ್ರ ತೀರಾ ಚಿಕ್ಕದು. ಅಗಲ 20 ಸೆಂಟಿಮೀಟರ್, ಎತ್ತರ 25. ಶಾಲೆ ಮಕ್ಕಳ ನೋಟ್‌ಬುಕ್ಕಿನಷ್ಟು ಅಂದುಕೊಳ್ಳಿ. ಹಳದಿ ಶಾಲು ಹೊದ್ದ ಹುಡುಗಿಯೊಬ್ಬಳು ವರ್ಜಿನಲ್ ಮುಂದೆ ಕೂತಿದ್ದಾಳೆ. ವರ್ಜಿನಲ್ ಅಂದರೆ ಪಿಯಾನೋ ಹುಟ್ಟುವುದಕ್ಕೂ ಮೊದಲಿನ ತಂತಿವಾದ್ಯ. ಕೈ ಅದರ ಮೇಲಿದೆ, ಮುಖ ನಮ್ಮ ಕಡೆ. ಹಿಂದೆ ಖಾಲಿ ಗೋಡೆ. ಅಷ್ಟೇ.

2004ರ ಜುಲೈನಲ್ಲಿ ಲಂಡನ್ನಿನ ಹರಾಜಿನಲ್ಲಿ ಇದು 1 ಕೋಟಿ 62 ಲಕ್ಷ ಪೌಂಡಿಗೆ ಹೋಯಿತು. ಹಾಲೆಂಡಿನ ಡೆಲ್ಫ್ಟ್ ಊರಿನ, 17ನೇ ಶತಮಾನದ ಕಲಾವಿದ ಯೊಹಾನೆಸ್ ವರ್ಮೀರ್ ಬರೆದದ್ದು ಅಂತ ನಂಬಿ ಕೊಟ್ಟ ದುಡ್ಡು ಅದು. ಅದಕ್ಕೂ ಹಿಂದಿನ ಸುಮಾರು ಐವತ್ತು ವರ್ಷ ಇದೇ ಚಿತ್ರವನ್ನು 'ವರ್ಮೀರ್‌ನದಲ್ಲ' ಎಂದು ಬದಿಗೆ ಸರಿಸಿಟ್ಟಿದ್ದರು. ನಡುವೆ ಚಿತ್ರವೇನೂ ಬದಲಾಗಿರಲಿಲ್ಲ.

ಬದಿಗೆ ಸರಿಸಿದ್ದಕ್ಕೆ ಕಾರಣ ಬೇರೊಬ್ಬನ ಕಿತಾಪತಿ. ಹಾನ್ ವ್ಯಾನ್ ಮೇಗೆರೆನ್ ಎಂಬ ಡಚ್ ಕಲಾವಿದ 1930ರ ದಶಕದಲ್ಲಿ ವರ್ಮೀರ್ ಹೆಸರಲ್ಲಿ ನಕಲಿ ಚಿತ್ರಗಳನ್ನು ಬರೆಯಲು ಶುರುಮಾಡಿದ. ಎಣ್ಣೆಬಣ್ಣ ಪೂರ್ತಿ ಗಟ್ಟಿಯಾಗುವುದಕ್ಕೆ ಹಲವು ದಶಕ ಬೇಕು. ಹೊಸ ಬಣ್ಣಕ್ಕೆ ಆಲ್ಕೋಹಾಲ್ ಸವರಿದರೆ ಮೆತ್ತಗಾಗಿ ಬಿಡುತ್ತದೆ, ಗುಟ್ಟು ರಟ್ಟಾಗುತ್ತದೆ. ಇವನು ಬಣ್ಣಕ್ಕೆ ಬೇಕಲೈಟ್ ಜಾತಿಯ ಅಂಟು ಬೆರೆಸಿ ಚಿತ್ರವನ್ನು ಒಲೆಯಲ್ಲಿಟ್ಟು ಬೇಯಿಸಿದ. ಬಣ್ಣ ಕಲ್ಲಿನ ಹಾಗೆ ಗಟ್ಟಿಯಾಯಿತು. ಆ ಕಾಲದ ದೊಡ್ಡ ಪಂಡಿತ ಅಬ್ರಹಾಂ ಬ್ರೆಡಿಯಸ್ ಬಾಯ್ತುಂಬ ಹೊಗಳಿದರು, ರಾಟರ್‌ಡ್ಯಾಮಿನ ಮ್ಯೂಸಿಯಂ ಕೊಂಡುಕೊಂಡಿತು. ಇನ್ನೊಂದು ನಕಲಿ ನಾಜಿ ನಾಯಕ ಗೋರಿಂಗ್ ಕೈ ಸೇರಿತು. 1945ರಲ್ಲಿ, ದೇಶದ ಆಸ್ತಿಯನ್ನು ಶತ್ರುವಿಗೆ ಮಾರಿದ ಆರೋಪದಲ್ಲಿ ಸಿಕ್ಕಿಬಿದ್ದಾಗ ವ್ಯಾನ್ ಮೇಗೆರೆನ್ ಬಾಯಿಬಿಟ್ಟ: ಅದು ವರ್ಮೀರ್ ಅಲ್ಲ, ನಾನೇ ಬರೆದದ್ದು. ಯಾರೂ ನಂಬಲಿಲ್ಲ. ಕಾವಲಿನಲ್ಲಿ ಕೂತು ಎಲ್ಲರ ಕಣ್ಣೆದುರೇ ಇನ್ನೊಂದು 'ವರ್ಮೀರ್' ಬರೆದು ತೋರಿಸಬೇಕಾಯಿತು.

ಹಾಲು ಕುಡಿದು ಬಾಯಿ ಸುಟ್ಟುಕೊಂಡ ಬೆಕ್ಕು ಆಮೇಲೆ ಮಜ್ಜಿಗೆಗೂ ಹೆದರುತ್ತದಲ್ಲ, ಪಂಡಿತರ ಪಾಡು ಹಾಗಾಯಿತು. ಸ್ವಲ್ಪ ಅನುಮಾನ ಬಂದರೂ ಸಾಕು, ಪಟ್ಟಿಯಿಂದ ಹೊರಗೆ. ಯುದ್ಧಕ್ಕೆ ಮೊದಲು ನಮ್ಮ ಹುಡುಗಿಯನ್ನು ಒಪ್ಪಿದವರೇ ಯುದ್ಧದ ನಂತರ ಹಿಂದೆ ಸರಿದರು. 1960ರಲ್ಲಿ ಬೆಲ್ಜಿಯಂನ ಫ್ರೆಡೆರಿಕ್ ರೋಲಿನ್ ಎಂಬುವರು ಇಷ್ಟಪಟ್ಟು ಅದನ್ನು ಕೊಂಡುಕೊಂಡರು. 1993ರಲ್ಲಿ ಅವರೇ, ಒಮ್ಮೆ ಸರಿಯಾಗಿ ಪರೀಕ್ಷೆ ಮಾಡಿಸೋಣ ಎಂದು ಹರಾಜು ಸಂಸ್ಥೆಯವರನ್ನು ಕೇಳಿದರು. ಆ ಪರೀಕ್ಷೆ ಹತ್ತು ವರ್ಷ ಎಳೆಯಿತು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಲಿಬಿ ಶೆಲ್ಡನ್ ಅದರಲ್ಲಿ ಮುಂದಾಳು.

ರೇಷ್ಮೆ ಸೀರೆ ಕೊಳ್ಳುವಾಗ ಹಳಬರು ಏನು ಮಾಡುತ್ತಾರೆ? ಸೆರಗಿನ ತುದಿಯಿಂದ ಒಂದೆಳೆ ಕಿತ್ತು ಬೆಂಕಿ ತಾಗಿಸುತ್ತಾರೆ. ಕೂದಲು ಸುಟ್ಟ ವಾಸನೆ ಬಂದರೆ ರೇಷ್ಮೆ; ಮುದ್ದೆಯಾಗಿ ಕರಗಿದರೆ ಪಾಲಿಯೆಸ್ಟರ್. ಚಿತ್ರದ ಪರೀಕ್ಷೆಯೂ ಹೀಗೇ, ಎಳೆ ಮಾತ್ರ ತುಂಬಾ ಸಣ್ಣದು. ಮೊದಲೇ ಬಿರುಕು ಬಿಟ್ಟ ಜಾಗದಲ್ಲಿ ಸೂಜಿಮೊನೆಯಷ್ಟು ಬಣ್ಣ ತೆಗೆಯುತ್ತಾರೆ. ಅದನ್ನು ರಾಳದಲ್ಲಿ ಕೂರಿಸಿ, ಅಡ್ಡಕ್ಕೆ ಉಜ್ಜಿ, ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಪದರದ ಮೇಲೆ ಪದರ ಕಾಣುತ್ತದೆ, ಥೇಟ್ ಚಿರೋಟಿ ಹಾಗೆ. ಕೆಳಗೆ ಬಟ್ಟೆಗೆ ಬಳಿದ ತಳಬಣ್ಣ, ಅದರ ಮೇಲೆ ಕಲಾವಿದನ ಒಂದೊಂದು ಸುತ್ತು.

ಪ್ರತಿ ಕಣ ಯಾವ ಬಣ್ಣದ್ದು ಅಂತ ತಿಳಿಯೋದಕ್ಕೆ ಬಳಸಿದ ಒಂದು ವಿಧಾನ ನಮಗೆ ಪರಿಚಯದ್ದು. ಲೇಸರ್ ಬೆಳಕು ಬಿಟ್ಟರೆ, ಚದುರಿ ವಾಪಸ್ ಬರುವ ಬೆಳಕಿನಲ್ಲಿ ಒಂಚೂರು ಬಣ್ಣ ಬದಲಾಗಿರುತ್ತದೆ. ಎಷ್ಟು ಬದಲಾಯಿತು ಅನ್ನುವುದು ಆ ವಸ್ತುವಿನ ಬೆರಳಚ್ಚು. ಸಿ.ವಿ. ರಾಮನ್ 1928ರಲ್ಲಿ ಕಲ್ಕತ್ತದಲ್ಲಿ ಕಂಡುಹಿಡಿದದ್ದು ಇದನ್ನೇ. ಆಮೇಲೆ ಅವರು ಬೆಂಗಳೂರಿಗೆ ಬಂದು ಇಲ್ಲೇ ನೆಲೆಸಿದರು. ಅವರ ಹೆಸರಿನ ಆ ಪರಿಣಾಮ ಹಾಲೆಂಡಿನ ಹುಡುಗಿಯೊಬ್ಬಳ ಜಾತಕ ನೋಡಲು ಒದಗಿತು.

ಸಿಕ್ಕಿದ್ದೇನು? ಮೊದಲನೆಯದು ನೀಲಿ. ಅಫ್ಘಾನಿಸ್ತಾನದ ಲ್ಯಾಪಿಸ್ ಲಝುಲಿ ಕಲ್ಲನ್ನು ಅರೆದು ತೆಗೆದ ನೀಲಿ, ಆಗಿನ ಕಾಲಕ್ಕೆ ಬಂಗಾರದ ಜೊತೆ ತೂಗುವಷ್ಟು ದುಬಾರಿ. ಅದು ಇದ್ದದ್ದು ಎಲ್ಲಿ ಗೊತ್ತಾ? ಹಿಂದಿನ ಖಾಲಿ ಗೋಡೆಯಲ್ಲಿ! ಬೂದು-ಬಿಳಿ ಗೋಡೆಗೆ ಬೆಳಕು ಬಿದ್ದ ತಂಪು ಬರಲಿ ಅಂತ ಅಂಥಾ ನೀಲಿಯನ್ನು ಬೆರೆಸುವ ಖಯಾಲಿ ವರ್ಮೀರ್‌ಗೆ ಇತ್ತು. ಸಾಯುವಾಗ ಅವನಿಗೆ ಹನ್ನೊಂದು ಮಕ್ಕಳು. ಬ್ರೆಡ್ಡಿನ ಬಾಕಿಗೆ ಅವನ ಹೆಂಡತಿ ಎರಡು ಚಿತ್ರಗಳನ್ನು ಬೇಕರಿಯವನಿಗೆ ಕೊಡಬೇಕಾಯಿತು. ಇಂಥವನು ಗೋಡೆಗೆ ಲ್ಯಾಪಿಸ್ ಹಾಕುತ್ತಿದ್ದ!

ಆದರೆ ನನಗೆ ಜಾಸ್ತಿ ಇಷ್ಟವಾದ ಸಾಕ್ಷಿ ಹಳದಿ. ಚಿತ್ರದಲ್ಲಿ ಸೀಸ-ತವರದ ಹಳದಿ ಸಿಕ್ಕಿತು. ಸೀಸ, ತವರ ಎರಡನ್ನೂ ಸೇರಿಸಿ ಕುಲುಮೆಯಲ್ಲಿ ಕಾಯಿಸಿ ಮಾಡುವ ಬಣ್ಣ ಇದು. ಶತಮಾನಗಳ ಕಾಲ ಯುರೋಪಿನ ಕಲಾವಿದರು ಬಳಸಿದರು. ಸುಮಾರು 1750ರ ಹೊತ್ತಿಗೆ ಬಳಕೆ ತಪ್ಪಿತು. ತಪ್ಪಿದ್ದು ಬಳಕೆ ಮಾತ್ರವಲ್ಲ, ಅಂಥದ್ದೊಂದು ಬಣ್ಣ ಇತ್ತು ಅನ್ನುವುದೇ ಮರೆತುಹೋಯಿತು. 1941ರಲ್ಲಿ ಜರ್ಮನಿಯ ರಿಚರ್ಡ್ ಯಾಕೋಬಿ ಹಳೇ ಚಿತ್ರಗಳ ಹಳದಿಯನ್ನು ಪರೀಕ್ಷಿಸುವಾಗ, ಇದರಲ್ಲಿ ತವರ ಯಾಕಿದೆ ಎಂದು ತಲೆಕೆಡಿಸಿಕೊಂಡ ಮೇಲೆಯೇ ಅದು ಮತ್ತೆ ಬೆಳಕಿಗೆ ಬಂದದ್ದು.

ಈಗ ಲೆಕ್ಕ ಹಾಕಿ. ನಮ್ಮ ಹುಡುಗಿಯ ಚಿತ್ರ 1904ರಲ್ಲೇ ಆಲ್‌ಫ್ರೆಡ್ ಬೈಟ್ ಎಂಬ ಶ್ರೀಮಂತನ ಸಂಗ್ರಹದ ಪಟ್ಟಿಯಲ್ಲಿದೆ. ಅಂದರೆ ನಕಲಿ ಮಾಡಿದವನಿದ್ದರೆ ಅದಕ್ಕೂ ಮೊದಲು ಮಾಡಿರಬೇಕು. ಆಗ ಆ ಹಳದಿಯ ವಿಷಯ ಪ್ರಪಂಚದಲ್ಲಿ ಯಾರಿಗೂ ಗೊತ್ತಿಲ್ಲ. ಎಷ್ಟೇ ಚಾಲಾಕಿಯಾದರೂ, ಇದ್ದದ್ದೇ ಗೊತ್ತಿಲ್ಲದ ವಸ್ತುವನ್ನು ನಕಲು ಮಾಡೋದು ಹೇಗೆ? ವ್ಯಾನ್ ಮೇಗೆರೆನ್ ಮೇಲಿನ ಅನುಮಾನವಂತೂ 1904ಕ್ಕೇ ಬಿದ್ದುಹೋಗಬೇಕಿತ್ತು, ಆಗ ಅವನಿನ್ನೂ ಹುಡುಗ.

ಸರಿ, ಹಳೇ ಚಿತ್ರ ಅಂತಾಯಿತು. ವರ್ಮೀರ್‌ನದು ಅಂತ ಆಗಲಿಲ್ಲ. ಅದೇ ಕಾಲದ ಇನ್ನೊಬ್ಬ ಡಚ್ ಕಲಾವಿದನಿಗೂ ಅದೇ ಅಂಗಡಿಯ ಹಳದಿ ಸಿಗುತ್ತಿತ್ತಲ್ಲ.

ಇಲ್ಲಿ ಬಟ್ಟೆ ಮಾತಾಡಿತು. ಕ್ಯಾನ್‌ವಾಸ್ ಅಂದರೆ ಕೈಮಗ್ಗದ ನಾರುಬಟ್ಟೆ. ಹಾಸು ಉದ್ದಕ್ಕೆ, ಹೊಕ್ಕು ಅಡ್ಡಕ್ಕೆ. ಮಗ್ಗದ ಮುಂದೆ ಒಮ್ಮೆ ನಿಂತವರಿಗೆ ಗೊತ್ತು, ಹಾಸಿನ ಎಳೆಗಳನ್ನು ಬಾಚಣಿಗೆಯಂಥ ಪಟ್ಟಿಯ ಸಂದುಗಳಲ್ಲಿ ಪೋಣಿಸಿರುತ್ತಾರೆ. ಒಂದು ಕಡೆ ಎಳೆ ಒತ್ತೊತ್ತಾಗಿ ಬಿತ್ತೋ, ಇಡೀ ಥಾನಿನ ಉದ್ದಕ್ಕೂ ಅದೇ ಜಾಗದಲ್ಲಿ ಒತ್ತೊತ್ತು. ಹೊಕ್ಕಿನದ್ದು ಬೇರೆ ಕಥೆ. ನೇಕಾರ ಒಂದು ಸಲ ಜೋರಾಗಿ ಬಡಿದರೆ ಎಳೆ ಬಿಗಿ, ಕೈ ಸೋತಾಗ ಸಡಿಲ. ಹಾಗಾಗಿ ಒಂದೊಂದು ಥಾನಿಗೂ ಅದರದ್ದೇ ಗುರುತು. ಬೇಕೆಂದು ಮಾಡಿದ್ದಲ್ಲ, ಸುಮ್ನೆ ಆಗಿದ್ದು.

ಬಣ್ಣ ಮೆತ್ತಿದ ಬಟ್ಟೆಯ ಎಳೆ ಎಣಿಸುವುದು ಹೇಗೆ? ಎಕ್ಸ್‌ರೇ ತೆಗೆಯುತ್ತಾರೆ. ಎಕ್ಸ್‌ರೇಗೆ ಬಟ್ಟೆ ಕಾಣುವುದಿಲ್ಲ. ಆದರೆ ತಳಬಣ್ಣದಲ್ಲಿ ಸೀಸದ ಬಿಳಿ ಇರುತ್ತದೆ, ಅದು ಎಳೆಗಳ ನಡುವಿನ ಸಂದಿಯಲ್ಲೆಲ್ಲ ಇಳಿದು ಕೂತಿರುತ್ತದೆ. ಅಚ್ಚಿನಲ್ಲಿ ಎರಕ ಹೊಯ್ದ ಹಾಗೆ. ಆ ಎರಕ ಎಕ್ಸ್‌ರೇಯಲ್ಲಿ ಬೆಳ್ಳಗೆ ಎದ್ದು ಕಾಣುತ್ತದೆ. ಮೊದಲೆಲ್ಲ ಭೂತಗನ್ನಡಿ ಹಿಡಿದು ಅಲ್ಲೊಂದು ಇಲ್ಲೊಂದು ಕಡೆ ಎಣಿಸುತ್ತಿದ್ದರು, ಕಣ್ಣು ಹೋಗುವ ಕೆಲಸ. ಅಮೆರಿಕದ ಇಬ್ಬರು ಎಂಜಿನಿಯರ್‌ಗಳು, ರೈಸ್ ವಿಶ್ವವಿದ್ಯಾಲಯದ ಡಾನ್ ಜಾನ್ಸನ್ ಮತ್ತು ಕಾರ್ನೆಲ್‌ನ ರಿಕ್ ಜಾನ್ಸನ್, ಇದನ್ನು ಕಂಪ್ಯೂಟರಿಗೆ ಕಲಿಸಿದರು. (ಅಣ್ಣತಮ್ಮಂದಿರಲ್ಲ, ಹೆಸರು ಮಾತ್ರ ಹಾಗೆ.) ಕಂಪ್ಯೂಟರ್ ಇಡೀ ಚಿತ್ರದ ಎಳೆ ಎಣಿಸಿ, ದಟ್ಟ ಇದ್ದಲ್ಲಿ ಒಂದು ಬಣ್ಣ, ವಿರಳ ಇದ್ದಲ್ಲಿ ಇನ್ನೊಂದು ಬಣ್ಣ ತುಂಬಿ ಪಟ್ಟೆಪಟ್ಟೆಯ ನಕ್ಷೆ ಕೊಡುತ್ತದೆ. ಎರಡು ಚಿತ್ರಗಳ ನಕ್ಷೆಯನ್ನು ಅಕ್ಕಪಕ್ಕ ಇಟ್ಟು ಪಟ್ಟೆ ಕೂಡುತ್ತಾ ನೋಡಿದರಾಯಿತು.

ವರ್ಮೀರ್‌ನ ಚಿತ್ರಗಳ ಮೇಲೆ ಈ ಕೆಲಸ ಮಾಡಿ, ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನ ವಾಲ್ಟರ್ ಲೀಡ್ಕೆ ಜೊತೆ ಅವರು 2012ರಲ್ಲಿ ಫಲಿತಾಂಶ ಪ್ರಕಟಿಸಿದರು. ವರ್ಜಿನಲ್ ಹುಡುಗಿಯ ಬಟ್ಟೆ, ಪ್ಯಾರಿಸ್ಸಿನ ಲೂವ್ರ್ ಮ್ಯೂಸಿಯಂನಲ್ಲಿರುವ ಇನ್ನೊಂದು ಚಿತ್ರದ ಬಟ್ಟೆಗೆ ಕೂಡಿತು. ಲೇಸ್ ಹೆಣೆಯುವ ಹುಡುಗಿಯ ಚಿತ್ರ ಅದು. ವರ್ಮೀರ್‌ನದೇ ಎಂಬುದರಲ್ಲಿ ತಕರಾರಿಲ್ಲ. ಅಳತೆಯೂ ಹೆಚ್ಚುಕಮ್ಮಿ ಇಷ್ಟೇ. ಎರಡೂ ಒಂದೇ ಥಾನಿನಿಂದ ಕತ್ತರಿಸಿದ ತುಂಡುಗಳು.

ಇನ್ನೂ ತಲೆ ಅಲ್ಲಾಡಿಸುವವರು ಇದ್ದಾರೆ, ಅವರನ್ನು ನಾನು ಪೂರ್ತಿ ತಳ್ಳಿಹಾಕಲಾರೆ. ಅವರ ಬೆರಳು ತೋರಿಸುವುದು ಆ ಹಳದಿ ಶಾಲಿನ ಕಡೆಗೆ. ಮುಖ, ಕೈ ಇಷ್ಟು ನವಿರಾಗಿರುವಾಗ ಶಾಲಿನ ಮಡಿಕೆ ಮಾತ್ರ ಯಾಕಿಷ್ಟು ದಪ್ಪ, ಜಡ? ಪರೀಕ್ಷೆಯಲ್ಲಿ ತಿಳಿದದ್ದೂ ಅದೇ, ಶಾಲನ್ನು ಎರಡನೇ ಹಂತದಲ್ಲಿ ಮತ್ತೆ ಬರೆದಿದ್ದಾರೆ. ವರ್ಮೀರ್ ಅರ್ಧಕ್ಕೆ ಬಿಟ್ಟು, ಇನ್ಯಾರೋ ಮುಗಿಸಿದರೇ? ಎಳೆ ಎಣಿಸುವ ಕಂಪ್ಯೂಟರಿಗೆ ಶಾಲಿನ ಮಡಿಕೆ ಗೊತ್ತಾಗುವುದಿಲ್ಲ. ಅದಕ್ಕೆ ಕಣ್ಣೇ ಬೇಕು, ಕಣ್ಣುಗಳು ಜಗಳಾಡುತ್ತಲೇ ಇವೆ.

2023ರಲ್ಲಿ ಆಮ್‌ಸ್ಟರ್‌ಡ್ಯಾಮಿನ ರೈಕ್ಸ್‌ಮ್ಯೂಸಿಯಂ ಜಗತ್ತಿನ ಮೂಲೆಮೂಲೆಯಿಂದ ವರ್ಮೀರ್‌ನ 28 ಚಿತ್ರಗಳನ್ನು ಕೂಡಿಸಿತು. ನ್ಯೂಯಾರ್ಕಿನಿಂದ ವರ್ಜಿನಲ್ ಹುಡುಗಿ ಬಂದಳು, ಪ್ಯಾರಿಸ್ಸಿನಿಂದ ಲೇಸಿನ ಹುಡುಗಿ ಬಂದಳು. ಫೆಬ್ರವರಿಯಿಂದ ಜೂನ್‌ವರೆಗೆ ಆ ಥಾನಿನ ಎರಡೂ ತುಂಡು ಒಂದೇ ಸೂರಿನಡಿ ಇದ್ದವು.